ಮಗುವಿನ ಶೀತ ಬಿಡ್ತಾನೇ ಇಲ್ವಾ? ರಾತ್ರಿ ಕೆಮ್ಮಿಗೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಮಳೆ ಹಿಡಿದರೆ ಸಾಕು, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರಿಂದ ಒಂದೇ ಪ್ರಶ್ನೆ. "ಮಗುವಿಗೆ ಹದಿನೈದು ದಿನದಿಂದ ಶೀತ. ಹಗಲು ಆರಾಮಾಗಿ ಆಡುತ್ತದೆ, ರಾತ್ರಿ ಮಲಗಿಸಿದ ಕೂಡಲೇ ಕೆಮ್ಮು ಶುರು. ಯಾವ ಸಿರಪ್ ಕೊಡಬೇಕು?" ಅಡಿಕೆ ಸುಗ್ಗಿ ಬಂದಾಗ ಮತ್ತೆ ಅದೇ ಪ್ರಶ್ನೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ.

ಸಿರಪ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಯಾವುದೂ ಬೇಡ. ಶೀತವನ್ನು ಎರಡು ದಿನದಲ್ಲಿ ಓಡಿಸುವ ಔಷಧಿ ಎಲ್ಲೂ ಇಲ್ಲ. ಮೂಗು ತೆರೆದಿರಬೇಕು, ಹೊಟ್ಟೆಗೆ ಹಾಲು ಹೋಗಬೇಕು, ಮಲಗುವ ಕೋಣೆಯಲ್ಲಿ ಹೊಗೆ ಇರಬಾರದು. ಇಷ್ಟನ್ನು ನೋಡಿಕೊಂಡರೆ ಶೀತ ತಾನಾಗೇ ಇಳಿಯುತ್ತದೆ. ಇಳಿಯದಿದ್ದರೆ ಅದು ಬರೀ ಶೀತ ಅಲ್ಲ ಅಂತ ಗುರುತಿಸುವುದು ಹೇಗೆ ಎಂಬುದನ್ನೂ ಕೆಳಗೆ ಹೇಳಿದ್ದೇನೆ. ಇದೆಲ್ಲ ಮುಖ್ಯವಾಗಿ ಒಂದು ವರ್ಷದೊಳಗಿನ ಮಕ್ಕಳಿಗೆ. ದೊಡ್ಡ ಮಕ್ಕಳಿಗೆ ಬೇರೆ ಇದ್ದರೆ ಅಲ್ಲಲ್ಲೇ ಬರೆದಿದ್ದೇನೆ.

ಮೊದಲು ಸ್ವಲ್ಪ ಧೈರ್ಯದ ಮಾತು. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಆಗುವುದು ಮಾಮೂಲು. ಒಂದೊಂದು ಶೀತ ಏಳರಿಂದ ಹತ್ತು ದಿನ ಇರುತ್ತದೆ, ಅದರ ಹಿಂದೆ ಬರುವ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರೂ ಬಾಗಿಲು ಕಿಟಕಿ ಹಾಕಿಕೊಂಡು ಒಳಗೇ ಇರುತ್ತೇವೆ. ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಹೊಸ ಶೀತ ತರುತ್ತಾರೆ. ಹಳೆಯದು ಮುಗಿಯುವಷ್ಟರಲ್ಲಿ ಹೊಸದು. ನೋಡುವವರಿಗೆ ಒಂದೇ ಶೀತ ಎರಡು ತಿಂಗಳು ನಡೆದ ಹಾಗೆ ಕಾಣುತ್ತದೆ.

ಶೀತ ಬರುವುದು ವೈರಾಣುವಿನಿಂದ. ಬಾಣಂತಿ ಮೊಸರು ತಿಂದಿದ್ದಕ್ಕಲ್ಲ, ಸೌತೆಕಾಯಿ ತಿಂದಿದ್ದಕ್ಕಲ್ಲ, ತಲೆಗೆ ನೀರು ಹಾಕಿಕೊಂಡಿದ್ದಕ್ಕೂ ಅಲ್ಲ. ಮಗು ಕೆಮ್ಮಿದಾಗೆಲ್ಲ ತಾಯಿಯ ಊಟದ ತಟ್ಟೆ ನೋಡುವುದನ್ನು ದಯವಿಟ್ಟು ನಿಲ್ಲಿಸಿ. ನಿದ್ದೆಗೆಟ್ಟು ಹಾಲೂಡಿಸುವವಳು ಹೊಟ್ಟೆ ತುಂಬ ತಿನ್ನಲಿ.

ಬೇಕಾದ ಸಾಮಾನು

ಜಾಸ್ತಿ ಏನಿಲ್ಲ. ಸಲೈನ್ ಮೂಗಿನ ಡ್ರಾಪ್ಸ್, ಅಂದರೆ ಶುದ್ಧ ಉಪ್ಪುನೀರಿನ ಹನಿ. ಸಿಂಬಳ ಎಳೆಯುವ ರಬ್ಬರ್ ಬಲ್ಬ್. ಒಂದು ಡಿಜಿಟಲ್ ಥರ್ಮಾಮೀಟರ್. ಸೆಕೆಂಡ್ ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್. ಮಳೆಗಾಲಕ್ಕೆ ಮುಂಚೆಯೇ ತಂದಿಟ್ಟುಕೊಳ್ಳಿ, ಜಡಿಮಳೆಯಲ್ಲಿ ರಾತ್ರಿ ಮೆಡಿಕಲ್ ಹುಡುಕುವ ಪಾಡು ಬೇಡ.

ಡ್ರಾಪ್ಸ್ ಕೊಳ್ಳುವಾಗ ಬಹಳ ಜನ ಎಡವುತ್ತಾರೆ. ಅಂಗಡಿಯಲ್ಲಿ "ಮೂಗಿನ ಡ್ರಾಪ್ಸ್ ಕೊಡಿ" ಅಂತಷ್ಟೇ ಕೇಳಿದರೆ ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿಯ ಬಾಟಲಿ ಕೈಗೆ ಬರಬಹುದು. ಅದರಲ್ಲಿ ಜೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಇರುತ್ತದೆ. ಹಸುಗೂಸಿಗೆ ಅದು ಅಪಾಯ. ಮಂಪರು ಬಂದು ಉಸಿರು ನಿಧಾನವಾಗುವ ಸಾಧ್ಯತೆ ಇದೆ. ನಿಮಗೆ ಬೇಕಾದ ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.65% ಅಂತ ಇರಬೇಕು, ಬೇರೆ ಯಾವ ಔಷಧಿಯ ಹೆಸರೂ ಇರಬಾರದು. ಓದಲು ಬಾರದಿದ್ದರೆ ಅಂಗಡಿಯವರಿಗೇ ಓದಿ ಹೇಳಲು ಹೇಳಿ. ಮನೆಯಲ್ಲಿ ಉಪ್ಪುನೀರು ಕಲಸಿಕೊಳ್ಳುವುದು ಬೇಡ, ಉಪ್ಪಿನ ಅಳತೆ ತಪ್ಪುತ್ತದೆ, ನೀರೂ ಶುದ್ಧವಿರುವುದಿಲ್ಲ.

1. ಉಸಿರು ಎಣಿಸಿ

ಯಾವ ಕೆಲಸಕ್ಕೂ ಮೊದಲು ಇದು. ಮಗು ಮಲಗಿರುವಾಗ ಅಥವಾ ಸಮಾಧಾನವಾಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಪುಟ್ಟ ಮಕ್ಕಳು ಒಂದು ಕ್ಷಣ ಬೇಗ, ಒಂದು ಕ್ಷಣ ನಿಧಾನವಾಗಿ ಉಸಿರಾಡುತ್ತಾರೆ. ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ.

ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ಜೋರು ಉಸಿರು. ನ್ಯುಮೋನಿಯಾ ಇರಬಹುದು, ಆಸ್ಪತ್ರೆಗೆ ಹೋಗಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಲೆಕ್ಕ ಗೊತ್ತಿರುತ್ತದೆ. ಒಮ್ಮೆ ಅವರ ಎದುರೇ ಎಣಿಸಿ ಕಲಿತುಕೊಳ್ಳಿ.

ಎಣಿಸುವಾಗಲೇ ಪಕ್ಕೆ ನೋಡಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗಿನ ಭಾಗ ಒಳಗೆ ಗುಳಿ ಬೀಳುತ್ತಿದೆಯಾ? ಇದನ್ನೇ ಪಕ್ಕೆ ಸೆಳೆತ ಅನ್ನುವುದು. ಪಕ್ಕೆ ಸೆಳೆಯುತ್ತಿದ್ದರೆ, ಉಸಿರಿಗೊಮ್ಮೆ ನರಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳಿ ಅರಳಿ ಬರುತ್ತಿದ್ದರೆ, ತುಟಿ ನೀಲಿಯಾದರೆ, ಉಸಿರು ನಡುನಡುವೆ ನಿಂತ ಹಾಗಾದರೆ, ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಈ ಲೇಖನ ಅಲ್ಲಿಗೇ ಬಿಟ್ಟು 108ಕ್ಕೆ ಫೋನ್ ಮಾಡಿ.

ಮಲೆನಾಡಿನವರಿಗೆ ಇಲ್ಲೊಂದು ಮಾತು ಜಾಸ್ತಿ ಹೇಳಬೇಕು. ಶೀತ ಇರುವಷ್ಟು ದಿನ ಸಂಜೆ ಐದರ ಹೊತ್ತಿಗೆ ಒಮ್ಮೆ ತಪ್ಪದೆ ಎಣಿಸಿ. ಎಳೆಯ ಮಕ್ಕಳಲ್ಲಿ ಶೀತ ಕೆಲವೊಮ್ಮೆ ಶ್ವಾಸಕೋಶದ ಸಣ್ಣ ನಾಳಗಳಿಗೆ ಇಳಿಯುತ್ತದೆ. ಡಾಕ್ಟರು ಬ್ರಾಂಕಿಯೋಲೈಟಿಸ್ ಅನ್ನುವುದು ಇದಕ್ಕೇ. ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ಅದು ಜೋರಾಗುತ್ತದೆ. ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ 60. ರಾತ್ರಿ ಒಂದು ಗಂಟೆಗೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಮರ ಬಿದ್ದಿದೆ ಅಂದರೆ ಏನು ಮಾಡುತ್ತೀರಿ? ಉಸಿರಿನ ಲೆಕ್ಕ ಗಡಿಯ ಹತ್ತಿರ ಇದೆ, ಮಗು ಅರ್ಧ ಹಾಲನ್ನೂ ಕುಡಿಯುತ್ತಿಲ್ಲ ಅಂದರೆ ಬೆಳಕಿರುವಾಗಲೇ ಹೊರಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಮನೆಯ ಸುತ್ತ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅನ್ನುವುದು ಮನೆಯವರೆಲ್ಲರಿಗೂ ಗೊತ್ತಿರಲಿ.

2. ಮೂಗು ತೆರೆಸಿ

ಎಳೆಯ ಮಕ್ಕಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತಾರೆ. ಮೂಗು ಕಟ್ಟಿದರೆ ಹಾಲು ಎಳೆಯಲು ಆಗುವುದಿಲ್ಲ, ಎರಡು ಗುಟುಕು ಕುಡಿದು ಮೊಲೆ ಬಿಟ್ಟು ಅಳುತ್ತವೆ. ರಾತ್ರಿ ಕೆಮ್ಮಿಗೂ ಮೂಲ ಮೂಗೇ. ಅಂಗಾತ ಮಲಗಿಸಿದಾಗ ಸಿಂಬಳ ಗಂಟಲಿಗೆ ಇಳಿಯುತ್ತದೆ, ಅದನ್ನು ಹೊರಹಾಕಲು ಮಗು ಕೆಮ್ಮುತ್ತದೆ. ಎದೆಯ ಮೇಲೆ ಕೈ ಇಟ್ಟರೆ ಗೊರಗೊರ ಅನ್ನುವ ಸದ್ದು ಬಹಳ ಸಲ ಎದೆಯದ್ದಲ್ಲ, ಮೂಗು ಗಂಟಲಿನದ್ದು. ಹಾಗಾಗಿ ಕೆಮ್ಮನ್ನು ಅದುಮುವ ಯೋಚನೆ ಬಿಟ್ಟು ಮೂಗಿನ ಕಡೆ ಗಮನ ಕೊಡಿ.

ಕೈ ಸೋಪಿನಲ್ಲಿ ತೊಳೆಯಿರಿ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ವಾಲಲಿ. ಡ್ರಾಪ್ಸ್ ಬಾಟಲಿಯನ್ನು ಮೊದಲು ನಿಮ್ಮ ಅಂಗೈಯಲ್ಲಿ ಒಂದು ನಿಮಿಷ ಹಿಡಿದುಕೊಳ್ಳಿ. ಮಲೆನಾಡಿನ ಚಳಿಗೆ ಅದು ತಣ್ಣಗಿರುತ್ತದೆ, ಹಾಗೇ ಬಿಟ್ಟರೆ ಮಗು ಬೆಚ್ಚಿ ಬೀಳುತ್ತದೆ. ಒಂದೊಂದು ಹೊಳ್ಳೆಗೆ ಎರಡು ಹನಿ. ಬಾಟಲಿಯ ತುದಿ ಮೂಗಿಗೆ ತಾಗಬಾರದು. ಮಗು ಸೀನಬಹುದು, ಅಳಬಹುದು. ಸೀನಿದರೆ ಒಳ್ಳೆಯದೇ. ಒಂದೆರಡು ನಿಮಿಷ ಹಾಗೇ ಬಿಡಿ, ಗಟ್ಟಿಯಾದ ಸಿಂಬಳ ನೆನೆಯಬೇಕು. ಈ ಎರಡು ನಿಮಿಷ ಕಾಯದೆ ಬಲ್ಬ್ ಹಾಕಿದರೆ ಏನೂ ಬರುವುದಿಲ್ಲ.

ಈಗ ಬಲ್ಬ್. ಮೊದಲು ಹೊರಗೇ ಒತ್ತಿ ಗಾಳಿ ತೆಗೆಯಿರಿ. ಒತ್ತಿಹಿಡಿದುಕೊಂಡೇ ತುದಿಯನ್ನು ಹೊಳ್ಳೆಯ ಬಾಯಿಗೆ ಇಡಿ, ಆಳಕ್ಕೆ ತೂರಿಸಬೇಡಿ. ನಿಧಾನ ಬೆರಳು ಸಡಿಲಿಸಿ, ಸಿಂಬಳ ಒಳಗೆ ಎಳೆದುಕೊಳ್ಳುತ್ತದೆ. ಬಟ್ಟೆಗೆ ಹಿಂಡಿ ಇನ್ನೊಂದು ಹೊಳ್ಳೆಗೆ ಹೋಗಿ. ಮೂಗಿನೊಳಗೆ ಇಟ್ಟು ಒತ್ತಿದರೆ ಗಾಳಿ ಸಿಂಬಳವನ್ನು ಇನ್ನೂ ಒಳಗೆ ತಳ್ಳುತ್ತದೆ, ಹೊಸಬರು ಮಾಡುವ ತಪ್ಪೇ ಇದು. ಆಮೇಲೆ ಬಿಸಿ ಸೋಪುನೀರನ್ನು ಬಲ್ಬಿನ ಒಳಗೆಳೆದು, ಹಿಂಡಿ, ತುದಿ ಕೆಳಗೆ ಮಾಡಿ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಒಳಗೆ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಹಿಡಿದರೆ ಬಿಸಾಡಿ.

ಹಾಲೂಡಿಸುವ ಹತ್ತು ಹದಿನೈದು ನಿಮಿಷ ಮುಂಚೆ ಒಮ್ಮೆ, ಮಲಗಿಸುವ ಮುಂಚೆ ಒಮ್ಮೆ, ರಾತ್ರಿ ಎದ್ದು ಒದ್ದಾಡಿದರೆ ಇನ್ನೊಮ್ಮೆ. ಹನಿ ಹಾಕಲು ಅಂಜಿಕೆ ಬೇಡ, ಆದರೆ ಬಲ್ಬ್‌ನಿಂದ ಎಳೆಯುವುದು ದಿನಕ್ಕೆ ಮೂರು ನಾಲ್ಕು ಸಲ ಸಾಕು. ಜಾಸ್ತಿ ಎಳೆದರೆ ಮೂಗಿನ ಒಳಪದರ ಊದಿಕೊಂಡು ಇನ್ನಷ್ಟು ಕಟ್ಟುತ್ತದೆ. ಹಾಲು ಕುಡಿದ ಮೇಲೆ ಮಾಡಿದರೆ ಕಕ್ಕಿಬಿಡುತ್ತದೆ.

ಸಿಂಬಳ ಹಳದಿಯಾಯಿತು, ಹಸಿರಾಯಿತು ಅಂತ ಆಂಟಿಬಯೋಟಿಕ್ ಕೇಳಬೇಡಿ. ಶೀತ ಮಾಗುವಾಗ ಬಣ್ಣ ಬದಲಾಗುವುದು ಸಹಜ.

3. ಹಾಲು ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ

ಆರು ತಿಂಗಳೊಳಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಬಿಸಿನೀರು ಕೂಡ. ಒಂದೇ ಸಲ ಹೊಟ್ಟೆ ತುಂಬ ಕುಡಿಯಲಾಗದಿದ್ದರೆ ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ. ಆರು ತಿಂಗಳಾದವರಿಗೆ ಬೆಚ್ಚಗಿನ ಗಂಜಿನೀರು, ರಾಗಿ ಸರಿ, ತೆಳು ಬೇಳೆಕಟ್ಟು ಕೊಡಬಹುದು. ಬಾಳೆಹಣ್ಣು ನಿಲ್ಲಿಸಬೇಕಿಲ್ಲ. ಕೆಮ್ಮಿದ ರಭಸಕ್ಕೆ ಒಂದೊಂದು ಸಲ ವಾಂತಿಯಾಗುತ್ತದೆ, ಕಫವೂ ಬರುತ್ತದೆ. ಸುಧಾರಿಸಿಕೊಂಡ ಮೇಲೆ ಮತ್ತೆ ಹಾಲು ಕೊಡಿ. ಉಚ್ಚೆ ಬಟ್ಟೆಗಳ ಲೆಕ್ಕ ಇಡಿ. ಆರೆಂಟು ಗಂಟೆ ಒಂದೂ ಒದ್ದೆಯಾಗದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ, ಡಾಕ್ಟರ ಹತ್ತಿರ ಹೋಗಬೇಕು.

4. ಮಲಗಿಸುವುದು

ತಲೆ ಕೆಳಗೆ ದಿಂಬು ಇಟ್ಟರೆ ಕೆಮ್ಮು ಕಡಿಮೆಯಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ವರ್ಷದೊಳಗಿನ ಮಗುವಿಗೆ ಅದು ಬೇಡ. ಕುತ್ತಿಗೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ, ಮುಖ ದಿಂಬಿಗೆ ಹುದುಗಿಯೂ ಹೋಗಬಹುದು. ಗಟ್ಟಿ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದಿಂಬಿನ ಬದಲು, ಹಾಲಾದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಓಡಾಡಿ. ರಾತ್ರಿ ಕೆಮ್ಮು ಜೋರಾದಾಗಲೂ ಹಾಗೇ ಎತ್ತಿಕೊಳ್ಳಿ. ಆದರೆ ಎತ್ತಿಕೊಂಡೇ ಸೋಫಾದ ಮೇಲೋ ಆರಾಮ ಕುರ್ಚಿಯಲ್ಲೋ ನೀವು ನಿದ್ದೆ ಹೋಗಬಾರದು. ಸರದಿ ಮಾಡಿಕೊಳ್ಳಿ. ಮಗುವಿನ ಅಪ್ಪ ಕೂಡ ಏಳಲಿ.

ಕುಲಾವಿ, ಸ್ವೆಟರ್, ಮೇಲೆ ಕಂಬಳಿ, ಅದರ ಮೇಲೆ ರಗ್ಗು ಹೇರಿದರೆ ಮಗು ಬೆವರಿ ಒದ್ದಾಡುತ್ತದೆ. ನೀವು ಹಾಕಿಕೊಂಡಿದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಮಲಗುವಾಗ ಕುಲಾವಿ ತೆಗೆಯಿರಿ.

5. ಕೋಣೆಯ ಹೊಗೆ ಮತ್ತು ಥಂಡಿ

ನಮ್ಮ ಕಡೆ ಶೀತ ಎಳೆದುಕೊಂಡು ಹೋಗಲು ಇದೇ ದೊಡ್ಡ ಕಾರಣ. ಬಾಣಂತಿ ಕೋಣೆಗೆ ಹೋಗಿ ನೋಡಿ. ಕಿಟಕಿ ಹಾಕಿದೆ. ಮೂಲೆಯಲ್ಲಿ ಅಗ್ಗಿಷ್ಟಿಕೆ, ಅದರ ಮೇಲೆ ಕವುಚಿದ ಬುಟ್ಟಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿದೆ. ಸ್ನಾನ ಆದ ಮೇಲೆ ಅದೇ ಕೆಂಡಕ್ಕೆ ಸಾಂಬ್ರಾಣಿ. ಸಂಜೆಗೆ ಸೊಳ್ಳೆ ಬತ್ತಿ. ಪಕ್ಕದ ಬಚ್ಚಲೊಲೆಯ ಹೊಗೆ ಹೆಂಚಿನ ಕೆಳಗೆ ಸುತ್ತುತ್ತಿದೆ. ಅಡಿಕೆ ಬೇಯಿಸುವ ಕಾಲವಾದರೆ ಅಂಗಳದ ಒಲೆಯದ್ದೂ ಸೇರುತ್ತದೆ. ಇಷ್ಟರ ನಡುವೆ ಆ ಪುಟ್ಟ ಮೂಗು ಒಣಗುವುದಾದರೂ ಹೇಗೆ? ಎಲ್ಲವೂ ಪ್ರೀತಿಯಿಂದ, ಮಗು ಬೆಚ್ಚಗಿರಲಿ ಅಂತ ಮಾಡುವುದೇ. ಆದರೆ ಹೊಗೆ ಉಸಿರಿನ ನಾಳವನ್ನು ಕೆರಳಿಸುತ್ತದೆ, ಕೆಮ್ಮು ವಾರಗಟ್ಟಲೆ ಬಿಡುವುದಿಲ್ಲ.

ಅದರಲ್ಲೂ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವುದು ಜೀವಕ್ಕೇ ಅಪಾಯ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ತಾಯಿ ಮಗು ಇಬ್ಬರನ್ನೂ ತೆಗೆಯಬಲ್ಲದು. ಕೋಣೆ ಬೆಚ್ಚಗಾಗಬೇಕಿದ್ದರೆ ಮಗು ಇಲ್ಲದಾಗ ಕೆಂಡ ಇಟ್ಟು, ಹೊರಗೆ ತೆಗೆದು, ಬಾಗಿಲು ತೆರೆದು ಗಾಳಿ ಆಡಿಸಿ, ಆಮೇಲೆ ಮಲಗಿಸಿ.

ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿ ಮಗುವಿನ ಕೋಣೆಗೆ ಬೇಡ, ಸೊಳ್ಳೆ ಪರದೆ ಕಟ್ಟಿ. ಬೀಡಿ ಸಿಗರೇಟು ಸೇದುವವರು ಹೊರಗೆ ಸೇದಿ ಬಂದರೂ ಅಂಗಿಯಲ್ಲಿ ಹೊಗೆ ಇರುತ್ತದೆ, ಬಟ್ಟೆ ಬದಲಿಸಿ ಕೈ ತೊಳೆದು ಎತ್ತಿಕೊಳ್ಳಲಿ. ಮಗುವಿನ ಬಟ್ಟೆ ಒಣಗಲು ಬೇರೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಕೊನೆಗೊಮ್ಮೆ ಇಸ್ತ್ರಿ ಹಾಕಿ. ಹೊಗೆ ವಾಸನೆಯ ಬಟ್ಟೆಯನ್ನು ಮಗುವಿನ ಮುಖದ ಹತ್ತಿರ ಸುತ್ತಬೇಡಿ. ಗೋಡೆಯ ಬೂಷ್ಟು ಒರೆಸುವಾಗ ಮಗು ಬೇರೆ ಕಡೆ ಇರಲಿ. ಮಳೆ ಬಿಡುವು ಕೊಟ್ಟಾಗೆಲ್ಲ ಕಿಟಕಿ ತೆಗೆಯಿರಿ.

ಇಂಟರ್ನೆಟ್ಟಿನಲ್ಲಿ ನೋಡಿ ಹ್ಯೂಮಿಡಿಫೈಯರ್ ತರಿಸುವವರಿದ್ದಾರೆ. ಅದು ಗಾಳಿಗೆ ತೇವ ಸೇರಿಸುವ ಯಂತ್ರ, ಒಣ ಹವೆಯ ಊರಿಗೆ ಸರಿ. ಜುಲೈ ತಿಂಗಳ ಮಲೆನಾಡಿನಲ್ಲಿ ಬೆಂಕಿಪೊಟ್ಟಣವೇ ಮೆತ್ತಗಾಗುತ್ತದೆ, ಇನ್ನೂ ತೇವ ಯಾಕೆ? ದುಡ್ಡು ದಂಡ, ಬೂಷ್ಟು ಜಾಸ್ತಿ.

6. ಮನೆಮದ್ದು, ಅಂಗಡಿ ಮದ್ದು

ಜೇನು: ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೂಬಾರದು. ಬಾಟ್ಯುಲಿಸಂ ಅನ್ನುವ ಅಪರೂಪದ ಆದರೆ ಭಯಂಕರ ಕಾಯಿಲೆಯ ಬೀಜಕಣ ಜೇನಿನಲ್ಲಿ ಇರಬಹುದು. ನಮ್ಮ ಕಾಡುಜೇನು ಎಷ್ಟೇ ಶುದ್ಧವಾಗಿದ್ದರೂ ಇದೇ ಮಾತು. ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಕೊಡಬಹುದು, ರಾತ್ರಿ ಕೆಮ್ಮು ಕಡಿಮೆಯಾಗುತ್ತದೆ.

ಮೂಗಿಗೆ ಎಣ್ಣೆ: ಬೇಡವೇ ಬೇಡ. ಕೊಬ್ಬರಿ ಎಣ್ಣೆ, ತುಪ್ಪ, ಹರಳೆಣ್ಣೆ ಯಾವುದಾದರೂ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮೈಗೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ ಮಾಡಿಸಿದರೆ ತೊಂದರೆ ಇಲ್ಲ, ಬೇಗ ಒರೆಸಿ. ಬಾಯಿಟ್ಟು ಮೂಗು ಊದುವ ರೂಢಿ ಬಿಡಿ.

ಕರ್ಪೂರ ಮತ್ತು ವಿಕ್ಸ್: ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಕರ್ಪೂರ ಮೈ ಸೇರಿದರೆ ಫಿಟ್ಸ್ ಬರಬಹುದು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವುದೂ ಇದೇ ಲೆಕ್ಕ. ಬಿಸಿನೀರಿನ ಪಾತ್ರೆಯ ಹತ್ತಿರ ಹಿಡಿದು ಆವಿ ಕೊಡಬೇಡಿ, ಸುಟ್ಟ ಗಾಯವಾಗುತ್ತದೆ. ಬಜೆ ತೇಯ್ದು ಕೊಡುವುದು, ಬ್ರಾಂದಿ ಹನಿ ಹಾಕುವುದು ಪೂರ್ತಿ ನಿಲ್ಲಬೇಕು. ದೊಡ್ಡಪತ್ರೆ ರಸವೂ ಹಸುಗೂಸಿಗೆ ಬೇಡ. ವರ್ಷ ದಾಟಿದ ಮಗು ಅನ್ನದ ಜೊತೆ ಎರಡು ಚಮಚ ದೊಡ್ಡಪತ್ರೆ ತಂಬುಳಿ ತಿಂದರೆ ತಿನ್ನಲಿ, ಊಟ ಅಂತ ಕೊಡಿ, ಔಷಧಿ ಅಂತ ನೆಚ್ಚಿಕೊಳ್ಳಬೇಡಿ.

ಅಜ್ಜಿಗೆ, ಅತ್ತೆಗೆ ಇದನ್ನೆಲ್ಲ ಹೇಳುವುದು ಕಷ್ಟ, ಗೊತ್ತು. ಜಗಳ ಬೇಡ. "ಅತ್ತೆ, ನೀವು ಎತ್ತಿಕೊಂಡು ತಟ್ಟಿದರೆ ಇವನು ಬೇಗ ಸುಮ್ಮನಾಗ್ತಾನೆ, ನಾನು ಮೂಗಿಗೆ ಹನಿ ಹಾಕ್ತೀನಿ" ಅನ್ನಿ. ಸ್ನಾನ, ತಟ್ಟುವುದು, ಉಸಿರು ಎಣಿಸುವುದು ಅವರ ಕೈಗೆ ಕೊಡಿ.

ಕೆಮ್ಮಿನ ಸಿರಪ್: 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ತೀರಿಹೋದರು. ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೂ ತಿಳಿಸಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು ಶೀತದ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಅದಕ್ಕೂ ಮುಂಚೆ 2023ರ ಡಿಸೆಂಬರ್‌ನಲ್ಲೇ ಕ್ಲೋರ್‌ಫೆನಿರಮಿನ್ ಮತ್ತು ಫೀನೈಲೆಫ್ರಿನ್ ಸೇರಿದ ಶೀತದ ಹನಿಗಳನ್ನು ನಾಲ್ಕು ವರ್ಷದೊಳಗೆ ಕೊಡಬಾರದು ಅಂತ ಔಷಧ ನಿಯಂತ್ರಕರು ಆದೇಶ ಮಾಡಿದ್ದರು. ವಿಷ ಇಲ್ಲದ ಸಿರಪ್ ಆದರೂ ಈ ವಯಸ್ಸಿಗೆ ಪ್ರಯೋಜನ ಇಲ್ಲ, ಮಂಪರು ಮಾತ್ರ. ಹೋದ ಸಲದ ಬಾಟಲಿ, ಪಕ್ಕದ ಮನೆ ಮಗುವಿನ ಬಾಟಲಿ, ಎರಡೂ ಬೇಡ.

7. ಜ್ವರ ಬಂದರೆ

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ಬಂದರೆ ಆಗಲೇ ಆಸ್ಪತ್ರೆಗೆ, ಮನೆಯಲ್ಲಿ ಔಷಧಿ ಹಾಕಿ ಕಾಯಬೇಡಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಅಳತೆ ಮಗುವಿನ ತೂಕಕ್ಕೆ ತಕ್ಕಂತೆ ಡಾಕ್ಟರೇ ಬರೆದುಕೊಡಬೇಕು. ಬಾಯಿಗೆ ಹಾಕುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ, 125ರ ಸಿರಪ್‌ನಲ್ಲಿ, ಅಂದರೆ ಐದು ಎಂಎಲ್‌ಗೆ 125 ಮಿಲಿಗ್ರಾಂ ಇರುವುದರಲ್ಲಿ, ಒಂದು ಎಂಎಲ್‌ಗೆ ಬರೀ 25. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ, ಲಿವರ್ ಕೆಡುತ್ತದೆ. ಬಾಟಲಿ ಬದಲಾದಾಗೆಲ್ಲ ಅಳತೆ ಕೇಳಿಕೊಳ್ಳಿ. ಅಡುಗೆಮನೆ ಚಮಚ ಬಳಸಬೇಡಿ.

8. ಇಷ್ಟೆಲ್ಲ ಮಾಡಿದರೂ ಬಿಡದಿದ್ದರೆ

ಕೆಮ್ಮು ಎರಡು ವಾರ ದಾಟಿ ಇಳಿಯುವ ಸೂಚನೆ ಇಲ್ಲ, ಅಥವಾ ತೂಕ ಏರುತ್ತಿಲ್ಲ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಉಸಿರು ಬಿಡುವಾಗ ಎದೆಯಿಂದ ಸಣ್ಣ ಸಿಳ್ಳೆಯ ಹಾಗೆ ಸದ್ದು ಬಂದರೆ ಅದು ವೀಜಿಂಗ್, ಶ್ವಾಸನಾಳ ಕಿರಿದಾದ ಗುರುತು. ಅದಕ್ಕೆ ಬೇರೆ ಚಿಕಿತ್ಸೆ. ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಯಂತ್ರವನ್ನು ಪಕ್ಕದ ಮನೆಯಿಂದ ತಂದು ನೀವೇ ಹಾಕಬೇಡಿ.

ಬಿಡದೆ ಕೆಮ್ಮಿ ಕೆಮ್ಮಿ ಮುಖ ಕೆಂಪೋ ನೀಲಿಯೋ ಆಗಿ ಕೊನೆಗೆ ವಾಂತಿಯಾದರೆ ನಾಯಿಕೆಮ್ಮು ಇರಬಹುದು. ತೀರಾ ಎಳೆಯ ಮಕ್ಕಳಲ್ಲಿ ಕೆಮ್ಮೇ ಇಲ್ಲದೆ ಉಸಿರು ನಿಲ್ಲಬಹುದು. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್ ಲಸಿಕೆ ಇದನ್ನು ತಡೆಯುತ್ತದೆ. ನ್ಯುಮೋನಿಯಾದ ಒಂದು ಮುಖ್ಯ ಬ್ಯಾಕ್ಟೀರಿಯಾಕ್ಕೆ ಪಿಸಿವಿ ಲಸಿಕೆಯೂ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ತಾಯಿ ಕಾರ್ಡ್ ತೆಗೆದು ಯಾವುದು ತಪ್ಪಿದೆ ನೋಡಿ. ಬರೀ ಶೀತ ಇದೆ ಅಂತ ಲಸಿಕೆ ಮುಂದೆ ಹಾಕಬೇಕಿಲ್ಲ.

ಅಂಬೆಗಾಲಿಡುವ ಮಗು ಚೆನ್ನಾಗಿ ಆಡುತ್ತಿದ್ದು ಹಠಾತ್ತನೆ ಕೆಮ್ಮು ಹತ್ತಿಕೊಂಡಿದ್ದರೆ ಏನೋ ಗಂಟಲಿಗೆ ಇಳಿದಿರಬಹುದು. ನಮ್ಮ ಮನೆಗಳಲ್ಲಿ ಅಡಿಕೆ ಚೂರು, ಕಡಲೆಬೀಜ ನೆಲದ ಮೇಲೆ ಸಿಗುವುದು ಸಾಮಾನ್ಯ. ಆ ಚೂರು ಶ್ವಾಸನಾಳದಲ್ಲಿ ಕೂತರೆ ತಿಂಗಳುಗಟ್ಟಲೆ ಕೆಮ್ಮು ಹೋಗುವುದಿಲ್ಲ. ಅನುಮಾನ ಇದ್ದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಮನೆಯಲ್ಲಿ ಹಿರಿಯರೊಬ್ಬರು ಎರಡು ವಾರಕ್ಕಿಂತ ಜಾಸ್ತಿ ಕೆಮ್ಮುತ್ತಿದ್ದಾರಾ? ಅವರ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾಡುತ್ತಾರೆ. ಕ್ಷಯ ಇದ್ದರೆ ಮಗುವಿಗೆ ಬಹಳ ಬೇಗ ಹರಡುತ್ತದೆ, ನಾಚಿಕೆಪಟ್ಟು ಮುಚ್ಚಿಡಬೇಡಿ.

ಆಸ್ಪತ್ರೆಗೆ ಹೋಗುವ ಮುಂಚೆ ಎರಡು ಕೆಲಸ ಮಾಡಿ. ರಾತ್ರಿ ಕೆಮ್ಮುವಾಗ ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಕಾಣುವ ಹಾಗೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ, ಯಾಕೆಂದರೆ ಬೆಳಗ್ಗೆ ಡಾಕ್ಟರ ಮುಂದೆ ಮಗು ನಗುತ್ತಾ ಕೂತಿರುತ್ತದೆ. ಇಲ್ಲಿಯವರೆಗೆ ಕೊಟ್ಟ ಔಷಧಿಯ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಬಜೆ, ಜೇನು, ಎಣ್ಣೆ ಏನೇ ಕೊಟ್ಟಿದ್ದರೂ ಮುಚ್ಚಿಡದೆ ಹೇಳಿ. ಬೈಯಬಹುದು, ಬೈಸಿಕೊಳ್ಳಿ. ಅದು ಗೊತ್ತಾದರೆ ಮಾತ್ರ ಅವರು ಸರಿಯಾದ ಚಿಕಿತ್ಸೆ ಕೊಡಲು ಸಾಧ್ಯ.